ಬ್ರೇಕಕ್ಕನ ಕಾರು ಕೋರ್ಟಿನ ಕಡೆಗೂ ಹೋಗುತ್ತದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರಾಚೆಯ ಮೈದಾನದ ಸುತ್ತ ಬೀದಿದೀಪಗಳು ಉರಿಯುತ್ತಲೇ ಇವೆ. ತಿಳಿನೀಲಿ ಬಣ್ಣದ ಹಳೆಯ ಕಾರೊಂದು ನಾಲ್ಕು ಮಾರು ಮುಂದೆ ಹೋಗಿ ಗಕ್ಕನೆ ನಿಲ್ಲುತ್ತದೆ, ಕೆಮ್ಮುತ್ತದೆ, ಮತ್ತೆ ನಾಲ್ಕು ಮಾರು ಹೋಗಿ ನಿಲ್ಲುತ್ತದೆ. ಸ್ಟೇರಿಂಗ್ ಹಿಡಿದು ಕೂತ ಬ್ಯಾಂಕ್ ಉದ್ಯೋಗಿಯ ಹಣೆಯ ಮೇಲೆ ಈ ಚಳಿಯಲ್ಲೂ ಬೆವರು. ಪಕ್ಕದ ಸೀಟಿನ ಹೆಂಗಸು ಮಾತ್ರ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಳ್ಳುತ್ತಿದ್ದಾರೆ. ಒಂದು ಹನಿಯೂ ಚೆಲ್ಲುವುದಿಲ್ಲ.

"ಕ್ಲಚ್ ಬಿಡು ಅಂದ್ರೆ ದಢಕ್ಕಂತ ಬಿಡೋದಲ್ಲ ತಂಗಿ. ಮಲಗಿದ ಮಗು ತಲೆ ಕೆಳಗಿಂದ ಕೈ ತೆಗೀತೀಯಲ್ಲ, ಹಾಗೆ."

ಕಾರು ಒಮ್ಮೆ ನಡುಗುತ್ತದೆ. ಆಮೇಲೆ ಮನಸ್ಸು ಮಾಡಿದಂತೆ ಮೆಲ್ಲಗೆ ಉರುಳತೊಡಗುತ್ತದೆ.

"ಹೋಗ್ತಿದೆ! ಅಕ್ಕಾ, ಹೋಗ್ತಿದೆ!"

"ಹೋಗದೆ ಏನ್ಮಾಡುತ್ತೆ? ಪೆಟ್ರೋಲ್ ಹಾಕಿದ್ದೀನಲ್ಲ."

ಹಿಂದಿನ ಸೀಟಿನಲ್ಲಿ ಕೂತ ನನಗೂ ಚಪ್ಪಾಳೆ ತಟ್ಟುವ ಆಸೆ. ಆದರೆ ಮುಂದಿನ ಸೀಟಿನ ಬೆನ್ನನ್ನು ತಬ್ಬಿಕೊಂಡ ಕೈಗಳನ್ನು ಬಿಡಿಸಲು ಧೈರ್ಯ ಸಾಲುವುದಿಲ್ಲ.

ಚಹಾ ಕುಡಿಯುತ್ತಿರುವ ಇವರಿಗೆ ವಯಸ್ಸು ಐವತ್ತರ ಆಸುಪಾಸು. ಒಂಟಿ ಕಾರಿನ ಡ್ರೈವಿಂಗ್ ಸ್ಕೂಲಿಗೆ ಇವರೇ ಮಾಲೀಕರು, ಇವರೇ ಮೇಷ್ಟ್ರು, ಇವರೇ ಕಾರು ತೊಳೆಯುವವರು. ಊರಿಗೆಲ್ಲ ಇವರು ಬ್ರೇಕಕ್ಕ. ಕಲಿಸುವ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಇವರ ಬಲಗಾಲು ಸದಾ ಅದರ ಮೇಲೆ. ಮನೆಯಲ್ಲಿ ಟಿವಿ ನೋಡುವಾಗ ಧಾರಾವಾಹಿಯ ಕಾರು ತಿರುವಿನಲ್ಲಿ ಜೋರಾಗಿ ಬಂದರೂ ಆ ಕಾಲು ನೆಲವನ್ನು ಒತ್ತುತ್ತದಂತೆ. "ಒಂದ್ಸಲ ನನ್ನ ಕಾಲನ್ನೇ ಒತ್ತಿಬಿಟ್ಲು. ಧಾರಾವಾಹಿ ನಿಲ್ಲಲಿಲ್ಲ, ನನ್ನ ಕಿರುಬೆರಳು ನೀಲಿಯಾಯ್ತು" ಎಂದು ಅವರ ಯಜಮಾನರು ದೂರುತ್ತಾರೆ. ಯಜಮಾನರು ಮನೆಯಲ್ಲೇ ಹೊಲಿಗೆ ಮಷೀನ್ ಇಟ್ಟುಕೊಂಡ ಟೈಲರ್.

ಇವರ ಬಗ್ಗೆ ನನಗೆ ಮೊದಲು ಹೇಳಿದ್ದು ಕೋರ್ಟಿನಲ್ಲಿ ಕೆಲಸ ಮಾಡುವ ಗೆಳತಿ. "ಗಂಡನ ಹೊಡೆತ ತಾಳಲಾರದೆ ನಮ್ಮಲ್ಲಿಗೆ ಬರೋರನ್ನ ಯಾರು ಕಳಿಸಿದ್ರು ಅಂತ ಕೇಳ್ತೀವಿ. ಒಬ್ಬೊಬ್ಬರು ಆಸ್ಪತ್ರೆ ಅಂತಾರೆ, ಪೊಲೀಸ್ ಅಂತಾರೆ. ಕೆಲವರು ಡ್ರೈವಿಂಗ್ ಸ್ಕೂಲು ಅಂತಾರೆ. ಅದೇನು ಅಂತ ಹೋಗಿ ನೋಡು" ಎಂದಿದ್ದಳು. ಪತ್ರಿಕೆಗೆ ಬರೆಯಲೆಂದು ನೋಡಲು ಬಂದಿದ್ದೇನೆ.

ಬ್ಯಾಂಕಿನವರು ಇಳಿದ ಮೇಲೆ ಹೊಸಬಳೊಬ್ಬಳು ಹತ್ತುತ್ತಾಳೆ. ಇಂದು ಅವಳ ಮೊದಲ ದಿನ. ಬ್ರೇಕಕ್ಕ ಸೀಟು ಮುಂದಕ್ಕೆಳೆದು ಕೊಡುತ್ತಾರೆ, ಬೆಲ್ಟ್ ಹಾಕಿಸುತ್ತಾರೆ, ಕನ್ನಡಿ ತೋರಿಸುತ್ತಾರೆ. ಅದೇ ಉಸಿರಿನಲ್ಲಿ, ದನಿಯನ್ನು ಒಂದಿಷ್ಟೂ ಬದಲಿಸದೆ ಹೇಳುತ್ತಾರೆ: "ಕನ್ನಡೀಲಿ ಹಿಂದಿನ ಗಾಜು ಪೂರ್ತಿ ಕಾಣ್ಬೇಕು. ಈ ಕಾರಲ್ಲಿ ಆಡಿದ ಮಾತು ಆಚೆ ಹೋಗಲ್ಲ. ಮನೇಲಿ ಯಾರಾದ್ರೂ ನಿನ್ನ ಮೇಲೆ ಕೈ ಮಾಡೋರಿದ್ರೆ ನನಗೆ ಹೇಳು, ಎಲ್ಲಿಗೆ ಹೋಗ್ಬೇಕು ಅಂತ ನನಗೆ ಗೊತ್ತು. ಇವತ್ತೇ ಹೇಳ್ಬೇಕು ಅಂತೇನಿಲ್ಲ. ಈಗ ಎಡಗಾಲಲ್ಲಿ ಕ್ಲಚ್ ಒತ್ತು."

ಹೊಸಬಳು ಕಣ್ಣರಳಿಸುತ್ತಾಳೆ. ಆಮೇಲೆ ನಗುತ್ತಾಳೆ. "ಅಯ್ಯೋ, ನಮ್ಮನೇಲಿ ಹಾಗೇನಿಲ್ಲ ಅಕ್ಕ. ಬೈಯೋದೇನಿದ್ರೂ ನಾನೇ."

"ಒಳ್ಳೇದು. ಜಾಸ್ತಿ ಬೈಬೇಡ, ಪಾಪ. ಒತ್ತು ಕ್ಲಚ್ಚು."

ಹತ್ತಿದವರಿಗೆಲ್ಲ ಮೊದಲ ದಿನವೇ ಈ ಮಾತು. ಹದಿನೆಂಟರ ಹುಡುಗಿಗೂ ಇದೇ, ಮೊಮ್ಮಕ್ಕಳನ್ನು ಶಾಲೆಗೆ ಬಿಡಲೆಂದು ಕಲಿಯಲು ಬಂದ ಅಜ್ಜಿಗೂ ಇದೇ. "ಆರಿಸಿ ಆರಿಸಿ ಹೇಳಿದ್ರೆ, ನನ್ನ ಮುಖದಲ್ಲೇನೋ ಕಂಡಿದೆ ಇವರಿಗೆ ಅಂತ ಮುದುಡಿಕೊಳ್ತಾರೆ. ಎಲ್ರಿಗೂ ಹೇಳಿದ್ರೆ ಅದೂ ಕ್ಲಾಸಲ್ಲಿ ಒಂದು ಪಾಠ ಅಷ್ಟೇ" ಎನ್ನುತ್ತಾರೆ. ದಿನಕ್ಕೆ ಏಳೆಂಟು ಮಂದಿಗೆ ಪಾಠ. ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಒಬ್ಬಿಬ್ಬರು ಆ ಕ್ಷಣಕ್ಕೆ ಸುಮ್ಮನಿದ್ದು, ವಾರ ಕಳೆದ ಮೇಲೆ ಬಾಯಿ ಬಿಡುತ್ತಾರೆ.

ಬ್ರೇಕಕ್ಕನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ್ದು ಅಪ್ಪ. ಅಪ್ಪನದು ಹಾಲಿನ ವ್ಯಾನು. ನಸುಕಿನ ಖಾಲಿ ರಸ್ತೆಗಳಲ್ಲಿ ಮಗಳ ಕೈಗೆ ವ್ಯಾನು ಕೊಟ್ಟು ತಾನು ಪಕ್ಕದಲ್ಲಿ ಕೂರುತ್ತಿದ್ದರು. "ಹಿಂದೆ ಕ್ಯಾನುಗಳು ಲೊಟಲೊಟ ಅಂದ್ರೆ ಸಾಕು, ಬೆಣ್ಣೆ ಬಂತು ನೋಡು ಅನ್ನೋರು. ಬೆಣ್ಣೆ ಬರದ ಹಾಗೆ ಓಡಿಸೋದೇ ನನ್ನ ಪರೀಕ್ಷೆ." ಮದುವೆಯಾದ ಮೇಲೆ ಊರಿನ ದೊಡ್ಡ ಡ್ರೈವಿಂಗ್ ಸ್ಕೂಲಿಗೆ ಕೆಲಸ ಕೇಳಿ ಹೋದಾಗ ಮಾಲೀಕರು ಮೊದಲು ನಕ್ಕರು, ಆಮೇಲೆ ಹೆಂಗಸರಿಗೆ ಕಲಿಸಲು ಒಬ್ಬರಿರಲಿ ಎಂದು ಇಟ್ಟುಕೊಂಡರು. ಗಂಡಸರು ಇವರ ಕಾರು ಹತ್ತಲು ಒಪ್ಪುತ್ತಿರಲಿಲ್ಲ. "ಒಬ್ಬರಂತೂ, ಮೊದಲು ನನ್ನ ಹೆಂಡ್ತೀನ ಕಳಿಸ್ತೀನಿ, ಅವಳು ನಿಮ್ಮತ್ರ ಕಲಿತು ನನಗೆ ಹೇಳಿಕೊಡ್ಲಿ ಅಂದ್ರು! ಕಳಿಸಿದ್ರು ಕೂಡ. ಅವಳು ಕಲಿತಳು, ಅವರಿಗೆ ಹೇಳಿಕೊಡಲಿಲ್ಲ." ಮುಂದೆ ಮಾಲೀಕರು ಸ್ಕೂಲು ಮುಚ್ಚುವಾಗ ಈ ನೀಲಿ ಕಾರನ್ನು ಬೇರೆ ಯಾರಿಗೂ ಮಾರದೆ ಇವರಿಗೇ ಬಿಟ್ಟುಕೊಟ್ಟರು.

ಕಾನೂನು ನೆರವಿನ ದಾರಿ ಹುಡುಕುವ ಕೆಲಸ ಇವರ ಕೊರಳಿಗೆ ಬಿದ್ದದ್ದು ಒಂದು ಟ್ರಾಫಿಕ್ ಸಿಗ್ನಲ್‌ನಲ್ಲಿ. ಆಗಿನ್ನೂ ಸ್ವಂತ ಸ್ಕೂಲು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಹಸಿರು ದೀಪ ಬಂದರೂ ಕಲಿಯುತ್ತಿದ್ದ ಹುಡುಗಿ ಕದಲಲಿಲ್ಲ. ಹಿಂದೆ ಹಾರ್ನುಗಳ ಬೊಬ್ಬೆ. ಅವಳು ಸ್ಟೇರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಗಂಡನ ಹೊಡೆತಕ್ಕೆ ಹೆದರಿ ಅವಳು ಕೂಸನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದಳು.

"ನನಗೇನು ಗೊತ್ತಿತ್ತು? ಸೀದಾ ಪೊಲೀಸ್ ಸ್ಟೇಷನ್‌ಗೆ ಕರ್ಕೊಂಡು ಹೋದೆ. ಅಲ್ಲಿದ್ದೋರು, ಗಂಡ ಹೆಂಡ್ತಿ ಜಗಳಕ್ಕೆ ನಾವ್ಯಾಕಮ್ಮ, ಮನೆಗೆ ಹೋಗಿ ಊಟ ಮಾಡಿ ಅಂದ್ರು. ಇನ್ನೊಂದು ಆಫೀಸಲ್ಲಿ ಇದು ನಮ್ಮ ವಿಭಾಗ ಅಲ್ಲ ಅಂದ್ರು. ಮತ್ತೊಂದು ಕಡೆ, ನಿಮ್ಮ ಯಜಮಾನರನ್ನೂ ಕರ್ಕೊಂಡು ಬನ್ನಿ, ಕೂತು ಮಾತಾಡೋಣ ಅಂದ್ರು. ಬಂದಿರೋದೇ ಯಜಮಾನರಿಂದ ತಪ್ಪಿಸ್ಕೊಂಡು!"

ಕೊನೆಗೂ ಸಿಕ್ಕಿದ್ದು ಕೋರ್ಟಿನ ಹಿಂಭಾಗದಲ್ಲಿ, ಸೈಕಲ್ ಸ್ಟ್ಯಾಂಡಿನ ಪಕ್ಕದ ಮೆಟ್ಟಿಲು ಹತ್ತಿದರೆ ಬರುವ ಒಂದು ಸಣ್ಣ ಕೋಣೆ. ಉಚಿತ ಕಾನೂನು ನೆರವು ಎಂಬ ಬೋರ್ಡು ಇದ್ದೇ ಇತ್ತು. ಅದರ ಮೇಲೆ ಯಾರೋ ಒದ್ದೆ ಕರಿಕೋಟು ಒಣಹಾಕಿದ್ದರು. ಬ್ರೇಕಕ್ಕ ಆ ಕೋಟನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೇ ಒಳಗೆ ನುಗ್ಗಿ, "ಇದು ಯಾರದ್ದು?" ಎಂದು ಗದರಿದರು. "ನಂದು" ಎಂದು ಎದ್ದು ನಿಂತವರು ಒಬ್ಬ ವಕೀಲೆ. ಇಬ್ಬರ ಗೆಳೆತನ ಆರಂಭವಾದದ್ದು ಹೀಗೆ. ಸಿಗ್ನಲ್‌ನಲ್ಲಿ ಅತ್ತ ಹುಡುಗಿಗೆ ಕೋರ್ಟಿನಿಂದ ರಕ್ಷಣೆ ಸಿಕ್ಕಿತು. ಆ ಕೂಸು ಈಗ ಶಾಲೆಯ ಓಟದಲ್ಲಿ ಬಹುಮಾನ ತರುತ್ತದೆ.

"ನನಗೆ ಕಾರಿದೆ, ಬಾಯಿದೆ. ನಾನೇ ಅಷ್ಟು ಅಲೆದೆ. ಕಂಕುಳಲ್ಲಿ ಮಗು ಇಟ್ಕೊಂಡು, ಮನೇಲಿ ಸುಳ್ಳು ಹೇಳಿ ಬಂದೋಳು ಹೇಗೆ ಹುಡುಕ್ತಾಳೆ ಹೇಳಿ" ಎಂದು ಬ್ರೇಕಕ್ಕ ಕೇಳುತ್ತಾರೆ. ಅಂದಿನಿಂದ ರಿವರ್ಸ್ ಪಾಠ ನಡೆಯುವುದು ಆ ಸೈಕಲ್ ಸ್ಟ್ಯಾಂಡಿನ ಎದುರಿನ ಜಾಗದಲ್ಲಿ. ಬೇಕಾದವರು ಮೆಟ್ಟಿಲು ಹತ್ತುತ್ತಾರೆ. ಬೇಡದವರು ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸುವುದನ್ನು ಕಲಿಯುತ್ತಾರೆ. ಮನೆಯಲ್ಲಿ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ಇಬ್ಬರಿಗೂ ಉತ್ತರ ಒಂದೇ: ರಿವರ್ಸ್ ಕಲಿಯೋಕೆ.

ಕೋರ್ಟಿಗೆ ರಜೆಯಿದ್ದ ದಿನ, ಮಧ್ಯಾಹ್ನ ಪಾಠಗಳ ಬಿಡುವಿನಲ್ಲಿ ಬ್ರೇಕಕ್ಕನ ಮನೆಗೆ ಹೋಗುತ್ತೇನೆ. ಜಗಲಿಯ ಒಂದು ತುದಿಯಲ್ಲಿ ಯಜಮಾನರ ಹೊಲಿಗೆ ಮಷೀನು ಕಟಕಟ ಎನ್ನುತ್ತಿದೆ. ಇನ್ನೊಂದು ತುದಿಯಲ್ಲಿ ವಕೀಲೆ ಕಾಲು ಚಾಚಿ ಕೂತಿದ್ದಾರೆ. ನಡುವೆ ಬಟ್ಟೆಯ ತುಂಡುಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸುತ್ತಿರುವ ಸಣ್ಣ ಹುಡುಗಿ, ಪಕ್ಕದಲ್ಲಿ ಅವಳ ಅಮ್ಮ. ಈ ಅಮ್ಮನಿಗೆ ಬ್ರೇಕಕ್ಕ ಇಟ್ಟ ಹೆಸರು ಇಂಡಿಕೇಟರ್. "ನೇರ ರಸ್ತೇಲಿ ನೇರ ಹೋಗೋಕೂ ಇಂಡಿಕೇಟರ್ ಹಾಕೋಳು. ಎಲ್ಲದಕ್ಕೂ ಅಪ್ಪಣೆ ಕೇಳಿ ಕೇಳಿ ಅಭ್ಯಾಸ" ಎಂದು ವಿವರಿಸುತ್ತಾರೆ. ತನ್ನ ಕಥೆಯನ್ನು ಪತ್ರಿಕೆಗೆ ಹೇಳಲು ಇಂಡಿಕೇಟರ್‌ಗೆ ಅಡ್ಡಿಯಿಲ್ಲ. "ನನಗೆ ಯಾರೂ ಹೇಳಿರಲಿಲ್ಲ. ಓದಿ ಯಾರಿಗಾದ್ರೂ ಗೊತ್ತಾಗ್ಲಿ" ಎನ್ನುತ್ತಾರೆ.

ಇಂಡಿಕೇಟರ್ ಮದುವೆಗೆ ಮುಂಚೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದವರು. ಗಂಡ ಕೆಲಸ ಬಿಡಿಸಿದ. ಆತನದು ಕೋರ್ಟಿನ ಹಿಂದಿನ ರಸ್ತೆಯಲ್ಲೇ ದೊಡ್ಡದೊಂದು ಪೀಠೋಪಕರಣದ ಮಳಿಗೆ. ಅಂಗಡಿಯಲ್ಲಿ ಗಿರಾಕಿಗಳೊಡನೆ ಬೆಣ್ಣೆಯಂಥ ಮಾತು, ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಕೈ ಎತ್ತುವ ಸಿಟ್ಟು. ಹೆಂಡತಿಯ ಫೋನನ್ನು ದಿನವೂ ತೆರೆದು ನೋಡುತ್ತಿದ್ದ. ಇಂಥವನು ಹೆಂಡತಿಯನ್ನು ಡ್ರೈವಿಂಗ್ ಸ್ಕೂಲಿಗೆ ಕಳಿಸಿದ್ದೇಕೆ? ಕುಡಿದು ಕಾರನ್ನು ಲೈಟು ಕಂಬಕ್ಕೆ ಗುದ್ದಿದ್ದರಿಂದ ಅವನ ಲೈಸೆನ್ಸ್ ಅಮಾನತಾಗಿತ್ತು. ಅವನಿಗೊಬ್ಬ ಡ್ರೈವರ್ ಬೇಕಿತ್ತು.

"ಬೇಗ ಕಲಿಸಿ, ನನಗೆ ಓಡಾಡೋಕೆ ಕಷ್ಟ ಆಗ್ತಿದೆ ಅಂತ ತಾನೇ ಬಂದು ಸೇರಿಸಿ ಹೋದ ಆ ಮನುಷ್ಯ" ಎನ್ನುವಾಗ ಬ್ರೇಕಕ್ಕನಿಗೆ ಈಗಲೂ ನಗು ತಡೆಯುವುದಿಲ್ಲ. "ಅವನಷ್ಟು ಉಪಕಾರ ಯಾರೂ ಮಾಡಿಲ್ಲ ಇವಳಿಗೆ."

ಮೊದಲ ದಿನದ ಮಾತು ಕೇಳಿ ಇಂಡಿಕೇಟರ್ ತಲೆಯಾಡಿಸಿ ಸುಮ್ಮನಾಗಿದ್ದರು. ಆದರೆ ಗೇರ್ ಹಾಕುವಾಗಲೆಲ್ಲ ಮಣಿಕಟ್ಟು ನೋವಿಗೆ ಮುಖ ಕಿವುಚುತ್ತಿದ್ದರು. ಬಾಗಿಲಿಗೆ ಸಿಕ್ಕಿತು ಎಂದಿದ್ದರು. ಬ್ರೇಕಕ್ಕ ಮತ್ತೆ ಕೇಳಲಿಲ್ಲ. ಗೇರನ್ನು ತಾವೇ ಹಾಕಿ, ಅವರಿಗೆ ಸ್ಟೇರಿಂಗ್ ಮಾತ್ರ ಬಿಟ್ಟರು. ಒಂದು ಬೆಳಿಗ್ಗೆ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆರಿಸಿ ಕಾಯುತ್ತಿದ್ದರು. ಉದ್ದನೆಯ ಗೂಡ್ಸ್ ಗಾಡಿ ಧಡಧಡನೆ ಹಾಯತೊಡಗಿತು. ಆ ಸದ್ದಿನ ಮರೆಯಲ್ಲಿ ಇಂಡಿಕೇಟರ್ ಮಾತಾಡಲು ಶುರು ಮಾಡಿದರು.

"ರೈಲಿನ ಗದ್ದಲದಲ್ಲಿ ಇವರಿಗೆ ಕೇಳಿಸಲ್ಲ ಅನ್ಕೊಂಡು ಹೇಳಿದೆ. ಹೇಳಿದ್ರೆ ಸಾಕು ಅನ್ನಿಸಿತ್ತು, ಯಾರಿಗೂ ಕೇಳಿಸೋದು ಬೇಕಿರಲಿಲ್ಲ" ಎಂದು ಇಂಡಿಕೇಟರ್ ಹೇಳುತ್ತಾರೆ.

"ನನಗೆ ಅರ್ಧ ಕೇಳಿಸಿತು" ಎನ್ನುತ್ತಾರೆ ಬ್ರೇಕಕ್ಕ. "ಅರ್ಧವೇ ಸಾಕಾಗಿತ್ತು."

ಇವರಿಗೆ ಸೈಕಲ್ ಸ್ಟ್ಯಾಂಡಿನ ದಾರಿ ಆಗಿಬರುವಂತಿರಲಿಲ್ಲ. ಮೆಟ್ಟಿಲು ಹತ್ತಿದರೆ ಗಂಡನ ಮಳಿಗೆಯ ಹುಡುಗರ ಕಣ್ಣಿಗೆ ಬೀಳುವುದು ಖಂಡಿತ. ಫೋನ್ ಮಾಡಿದರೆ ಸಂಜೆಗೆ ಗಂಡನಿಗೆ ಗೊತ್ತಾಗುತ್ತದೆ. ಹಾಗಾದರೆ ವಕೀಲೆಯೇ ಕಾರಿಗೆ ಬರಲಿ ಎಂದು ಬ್ರೇಕಕ್ಕ ತೀರ್ಮಾನಿಸಿದರು. ಅದಕ್ಕೊಂದು ನೆಪವೂ ಇತ್ತು. ಕೋರ್ಟಿನಲ್ಲಿ ಎದುರಾಳಿಯ ಮಾತು ತುಂಡರಿಸಿ ಗುಡುಗುವ ಈ ವಕೀಲೆಗೆ ಡ್ರೈವಿಂಗ್ ಎಂದರೆ ಕೈಕಾಲು ನಡುಕ. ಹಿಂದೊಮ್ಮೆ ಕಲಿಯಲು ಸೇರಿ, ಕಾರನ್ನು ಫುಟ್‌ಪಾತಿನ ಮೇಲೆ ಹತ್ತಿಸಿ, ಇಳಿದು ಹೋದವರು ತಿರುಗಿ ಬಂದಿರಲಿಲ್ಲ.

"ನಾಳೆಯಿಂದ ನಿಮ್ಮ ಕ್ಲಾಸು ಮತ್ತೆ ಶುರು ಅಂತ ಹೇಳಿಬಿಟ್ರು. ಅಪ್ಪಣೆ ಅದು, ಆಹ್ವಾನ ಅಲ್ಲ" ಎಂದು ವಕೀಲೆ ನೆನಪಿಸಿಕೊಳ್ಳುತ್ತಾರೆ. "ಕಕ್ಷಿದಾರಳ ಮಾತು ಮೂರನೆಯವರ ಕಿವಿಗೆ ಬೀಳಬಾರದು ಅಕ್ಕ ಅಂದೆ. ನಾನು ಕಿವಿ ಅಲ್ಲ, ಬ್ರೇಕು ಅಂದ್ರು."

"ಅಕ್ಕ ಇರ್ಲಿ ಅಂತ ನಾನೇ ಹೇಳಿದೆ" ಎಂದು ಇಂಡಿಕೇಟರ್ ಸೇರಿಸುತ್ತಾರೆ.

ಮರುದಿನ ಮೂವರು ಹೆಂಗಸರು ಊರು ಸುತ್ತಿದರು. ಇಂಡಿಕೇಟರ್ ಓಡಿಸುವುದು, ವಕೀಲೆ ಹಿಂದೆ ಕೂತು ಕೇಳುವುದು. ಕೈಕಾಲಿಗೆ ಕೆಲಸವಿದ್ದದ್ದರಿಂದಲೋ, ಕಣ್ಣು ರಸ್ತೆಯ ಮೇಲಿದ್ದು ಯಾರ ಮುಖವನ್ನೂ ನೋಡಬೇಕಿಲ್ಲವಾದ್ದರಿಂದಲೋ, ಮಾತು ಸರಾಗವಾಗಿ ಬಂತು. ಎಲ್ಲ ಕೇಳಿದ ಮೇಲೆ ವಕೀಲೆ ಒಂದೇ ಪ್ರಶ್ನೆ ಕೇಳಿದರು: "ನಿಮಗೇನು ಬೇಕು?"

ಒಂದು ತಿರುವು ಕಳೆಯಿತು. ಇನ್ನೊಂದು ತಿರುವೂ ಕಳೆಯಿತು.

"ನನಗೆ ಮನೆ ಬಿಟ್ಟು ಹೋಗೋಕೆ ಇಷ್ಟ ಇಲ್ಲ" ಎಂದರು ಇಂಡಿಕೇಟರ್. "ಅಡುಗೆಮನೆ ಕಿಟಕಿ ನಾನು ಹಟ ಹಿಡಿದು ಇಡಿಸಿದ್ದು. ಮಗಳ ಸ್ಕೂಲು ನಡೆದು ಹೋಗೋ ದೂರ. ನನ್ನ ತಪ್ಪೇನಿದೆ ಅಂತ ನಾನು ಗಂಟು ಕಟ್ಟಬೇಕು? ಆದ್ರೆ ಮನೆ ಅವರ ಹೆಸರಲ್ಲಿದೆ. ಹೋಗಲೇಬೇಕಲ್ಲ."

"ನೀವು ಹೋಗ್ಬೇಕಾಗಿಲ್ಲ" ಎಂದರು ವಕೀಲೆ. "ಮನೆ ಯಾರ ಹೆಸರಲ್ಲೇ ಇರ್ಲಿ, ಅಲ್ಲಿ ಇರೋ ಹಕ್ಕು ನಿಮಗಿದೆ. ಅವರನ್ನೇ ಹೊರಗಿರಿ ಅಂತ ಕೋರ್ಟು ಹೇಳಬಹುದು."

ಇಂಡಿಕೇಟರ್‌ಗೆ ಎರಡು ಕಾಲೂ ಮರೆತುಹೋಯಿತು. ಕಾರು ನಡುರಸ್ತೆಯಲ್ಲಿ ಎರಡು ಸಲ ಜಿಗಿದು ಆರಿ ನಿಂತಿತು. ಸುತ್ತಲೂ ಹಾರ್ನು. ಅವರು ಹಿಂದಕ್ಕೆ ತಿರುಗಿ, "ಇನ್ನೊಂದ್ಸಲ ಹೇಳಿ" ಎಂದರು. ವಕೀಲೆ ಇನ್ನೊಂದು ಸಲ ಹೇಳಿದರು. ಹಿಂದಿನ ಲಾರಿಯವನು ಇಳಿದು ಬಂದು ಕಿಟಕಿ ಬಡಿದಾಗ ಬ್ರೇಕಕ್ಕ ತಲೆ ಹೊರಹಾಕಿ, "ಸ್ವಲ್ಪ ತಡಿಯಪ್ಪಾ, ಈಗಷ್ಟೇ ಒಳ್ಳೆ ಸುದ್ದಿ ಬಂದಿದೆ" ಎಂದರಂತೆ. ಅವನು ಏನು ತಿಳಿದನೋ, ಶುಭಾಶಯ ಹೇಳಿ ಹೋದ.

ವಕೀಲೆಯ ಸಲಹೆಯಂತೆ ಮಣಿಕಟ್ಟನ್ನು ಡಾಕ್ಟರಿಗೆ ತೋರಿಸಿದ್ದಾಯಿತು, ಸಣ್ಣ ಬಿರುಕಿತ್ತು. ಅರ್ಜಿ ಸಿದ್ಧವಾಯಿತು. ಇನ್ನುಳಿದದ್ದು ಸಹಿ. ಸಹಿ ಹಾಕಬೇಕಾದ ಬೆಳಿಗ್ಗೆ ಬ್ರೇಕಕ್ಕ ಮನೆ ಮುಂದೆ ಕಾರು ನಿಲ್ಲಿಸಿದರೆ, ಇಂಡಿಕೇಟರ್ ಜೊತೆ ಗಂಡನೂ ಹೊರಬಂದ. "ಎಷ್ಟು ಕಲಿತಿದ್ದಾಳೆ ನೋಡೋಣ" ಎಂದು ಹಿಂದಿನ ಸೀಟಿನಲ್ಲಿ ಕೂತ.

"ಹೊರಟು ಮುಂದೆ ನೋಡ್ತೀನಿ" ಎನ್ನುತ್ತಾರೆ ಇಂಡಿಕೇಟರ್. "ರಸ್ತೆ ಕೊನೇಲಿ ವಕೀಲಮ್ಮ ಬ್ಯಾಗ್ ಹಿಡ್ಕೊಂಡು ನಿಂತಿದ್ದಾರೆ. ನಮ್ಮ ಕಾರು ನೋಡಿ ಕೈ ಬೀಸ್ತಿದ್ದಾರೆ."

ಕಾರು ನಿಲ್ಲಿಸದೆ ಹೋದರೆ ಆಕೆ ಹೆಸರು ಹಿಡಿದು ಕೂಗಿಯಾರು ಎಂಬ ಭಯ ಬ್ರೇಕಕ್ಕನಿಗೆ. ತಮ್ಮ ಕಾಲಿನ ಬ್ರೇಕು ಒತ್ತಿ ನಿಲ್ಲಿಸಿಯೇ ಬಿಟ್ಟರು. ವಕೀಲೆ ಹತ್ತಿರ ಬರುವ ಮುನ್ನವೇ ಕಿಟಕಿಯಿಂದ ಗಟ್ಟಿಯಾಗಿ, "ಎಷ್ಟು ಹೊತ್ತು ಕಾಯಿಸ್ತೀರಾ? ಇವತ್ತು ಮೊದಲು ನಿಮ್ಮ ಪಾಳಿ. ಬನ್ನಿ, ಸ್ಟೇರಿಂಗ್ ಹಿಡೀರಿ. ಇವರು ಈ ತಂಗಿ ಯಜಮಾನರು, ಕ್ಲಾಸು ನೋಡೋಕೆ ಬಂದಿದ್ದಾರೆ" ಎಂದರು. ಇಂಡಿಕೇಟರ್ ಇಳಿದು ಹಿಂದೆ ಗಂಡನ ಪಕ್ಕ ಕೂತರು. ವಕೀಲೆಗೆ ಕ್ಷಣದಲ್ಲಿ ಅರ್ಥವಾಯಿತು. ಕೈಗೆ ಸ್ಟೇರಿಂಗ್ ಬಂದಿದೆ ಎಂಬುದೂ ಅರ್ಥವಾಯಿತು.

"ಏನು ಕೆಲಸ ನಿಮ್ಮದು?" ಎಂದು ಗಂಡ ಕೇಳಿದ.

ವಕೀಲೆಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಜಗಳ ಬಿಡಿಸೋ ಕೆಲಸ."

"ಓ, ಟೀಚರ್ರಾ?"

ಉತ್ತರಕ್ಕೆ ಮೊದಲೇ ಗೇರು ಕಬ್ಬಿಣ ಅರೆದಂತೆ ಕಿರುಚಿತು. ಕಾರು ಹಾರಿತು. ತರಕಾರಿ ಗಾಡಿಯನ್ನು ಕೂದಲೆಳೆಯಲ್ಲಿ ತಪ್ಪಿಸಿ, ವೃತ್ತದಲ್ಲಿ ಎಡಕ್ಕೆ ತಿರುಗಬೇಕಾದಲ್ಲಿ ಪೂರ್ತಿ ಎರಡು ಸುತ್ತು ಹಾಕಿ, ನಿಂತಿದ್ದ ಬಸ್ಸಿನ ಬೆನ್ನಿಗೆ ಮೂಗು ಮುಟ್ಟುವಷ್ಟು ಹತ್ತಿರ ಹೋಗಿ ನಿಂತಿತು. ಹಿಂದೆ ಗಂಡ ಸೀಟಿನ ಹಿಡಿ ಹಿಡಿದು, "ಬ್ರೇಕು! ಬ್ರೇಕು!" ಎನ್ನುತ್ತಿದ್ದ. ಎರಡನೇ ಬಸ್ಸು ಎದುರಾಗುವ ಮುನ್ನ, "ನಿಲ್ಸಿ, ನಾನಿಲ್ಲೇ ಇಳೀತೀನಿ" ಎಂದು ಬಾಗಿಲು ತೆರೆದ. "ಇಂಥೋರಿಗೆಲ್ಲ ಲೈಸೆನ್ಸ್ ಕೊಡ್ಸಬೇಡಿ" ಎಂದು ಬುದ್ಧಿ ಹೇಳಿ, ಟ್ಯಾಕ್ಸಿ ಹಿಡಿದು ಹೋದ.

ಅದು ನಟನೆಯೇ ಎಂದು ವಕೀಲೆಯನ್ನು ಕೇಳುತ್ತೇನೆ. ಆಕೆ ಹೌದೆನ್ನಲು ಬಾಯಿ ತೆರೆಯುವಷ್ಟರಲ್ಲಿ ಬ್ರೇಕಕ್ಕ, "ಎಲ್ಲಿಯ ನಟನೆ! ನನ್ನ ಕಾಲೇ ಬ್ರೇಕ್ ಮೇಲೆ ನಡುಗ್ತಿತ್ತು" ಎನ್ನುತ್ತಾರೆ. ಯಜಮಾನರು ಹೊಲಿಗೆ ನಿಲ್ಲಿಸಿ ಕಣ್ಣೊರೆಸಿಕೊಂಡು ನಗುತ್ತಾರೆ. ಈ ಕಥೆಯನ್ನು ಅವರು ಎಷ್ಟನೆಯ ಸಲ ಕೇಳುತ್ತಿದ್ದಾರೋ. ಅಂದು ಅದೇ ಬಸ್ಸಿನ ಹಿಂದೆ, ಮೂವರೂ ನಗುತ್ತ ಅಳುತ್ತ ಇರುವಾಗ, ಇಂಡಿಕೇಟರ್ ತನ್ನ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದರು.

ಕೋರ್ಟಿನ ನೋಟಿಸು ಗಂಡನ ಕೈ ಸೇರುವ ದಿನ ತಾಯಿ ಮಗಳು ಈ ಮನೆಗೆ ಬಂದಿದ್ದರು. ಯಜಮಾನರು ಆ ಹುಡುಗಿಗೆ ದೊಡ್ಡ ದೊಡ್ಡ ಜೇಬಿರುವ ಫ್ರಾಕು ಹೊಲಿದುಕೊಟ್ಟರು. ವಿಚಾರಣೆಯ ದಿನ ಎಲ್ ಬೋರ್ಡಿನ ನೀಲಿ ಕಾರನ್ನು ಕೋರ್ಟಿನವರೆಗೆ ಓಡಿಸಿದ್ದು ಇಂಡಿಕೇಟರ್ ಅವರೇ, ಪಕ್ಕದಲ್ಲಿ ಬ್ರೇಕಕ್ಕ. ಈ ಸಲ ಹಿಂಬಾಗಿಲಿಗಲ್ಲ, ಮುಂಬಾಗಿಲಿಗೇ. ಟ್ಯಾಕ್ಸಿಯಿಂದಿಳಿದ ಗಂಡ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಂತೆ, ಎರಡು ಕಾರುಗಳ ನಡುವಿನ ಇಕ್ಕಟ್ಟಿಗೆ ನೀಲಿ ಕಾರು ಹಿಂದಕ್ಕೆ ಸರಿದು ನೆಟ್ಟಗೆ ನಿಂತಿತು.

"ಒಂದೇ ಸಲಕ್ಕೆ! ನಾನು ಬ್ರೇಕು ಮುಟ್ಟಲೇ ಇಲ್ಲ" ಎನ್ನುವಾಗ ಬ್ರೇಕಕ್ಕನ ಕಣ್ಣು ತುಂಬುತ್ತದೆ. "ಒಳಗೆ ಏನಾದ್ರೂ ಆಗ್ಲಿ, ಇವಳು ಗೆದ್ಲು ಅನ್ಕೊಂಡೆ ಆಗ."

ಒಳಗೂ ಒಳ್ಳೆಯದೇ ಆಯಿತು. ಗಂಡ ಮನೆಯಿಂದ ಹೊರಗಿರಬೇಕು, ಹೆಂಡತಿಯ ಹತ್ತಿರ ಸುಳಿಯಬಾರದು, ಮಗಳ ಖರ್ಚು ನೋಡಿಕೊಳ್ಳಬೇಕು ಎಂದು ಮಧ್ಯಂತರ ಆದೇಶ ಬಂತು. ಮುಂದೆ ಅದೇ ಗಟ್ಟಿಯಾಯಿತು. ಮನೆಗೆ ಮರಳಿದ ಸಂಜೆ ಏನು ಮಾಡಿದಿರಿ ಎಂದು ಕೇಳಿದರೆ ಇಂಡಿಕೇಟರ್ ನಾಚಿಕೊಳ್ಳುತ್ತಾರೆ. "ರೇಡಿಯೋ ಜೋರಾಗಿ ಹಾಕಿದೆ. ಅಷ್ಟೇ. ನಮ್ಮನೇಲಿ ಯಾವತ್ತೂ ರೇಡಿಯೋ ಜೋರಾಗಿ ಹಾಕಿರಲಿಲ್ಲ." ಈಗ ಅವರು ಹಳೆಯ ಲ್ಯಾಬಿಗೇ ಮರಳಿದ್ದಾರೆ. ಮನೆಮನೆಗೆ ಹೋಗಿ ರಕ್ತದ ಮಾದರಿ ತರುವ ವ್ಯಾನು ಓಡಿಸುವುದೂ ಅವರೇ.

ಇದರ ಬೆಲೆಯನ್ನು ಬ್ರೇಕಕ್ಕನೂ ತೆತ್ತಿದ್ದಾರೆ. ಕಾರಿನಲ್ಲಿದ್ದ ಟೀಚರು ಯಾರೆಂದು ತಿಳಿದಾಗ ಆ ಗಂಡ ಬಂದು ಇದೇ ಜಗಲಿಯ ಮುಂದೆ ಕೂಗಾಡಿದ. ಅಂದು ಇಲ್ಲೇ ಇದ್ದ ವಕೀಲೆ ಪೊಲೀಸರಿಗೆ ಕರೆ ಮಾಡಿದರು; ಅವನು ಮತ್ತೆ ಬರಲಿಲ್ಲ. ಆದರೆ ಅವನ ಮಾತು ಊರು ತುಂಬ ಓಡಾಡಿತು. ಡ್ರೈವಿಂಗ್ ನೆಪದಲ್ಲಿ ಮನೆ ಮುರಿಯುವ ಹೆಂಗಸು ಎಂದರು. ಗಂಡಂದಿರು ಹೆಂಡತಿಯರನ್ನು ಬಿಡಿಸಿಕೊಂಡರು. ಎಷ್ಟೋ ಬೆಳಿಗ್ಗೆ ಬ್ರೇಕಕ್ಕ ಮೈದಾನದಲ್ಲಿ ಖಾಲಿ ಕಾರಿನಲ್ಲಿ ಒಬ್ಬರೇ ಕೂತು ಫ್ಲಾಸ್ಕು ಬರಿದು ಮಾಡಿ ಮನೆಗೆ ಬಂದರು. ಆ ದಿನಗಳಲ್ಲಿ ಮನೆ ನಡೆದದ್ದು ಹೊಲಿಗೆ ಮಷೀನಿನ ಮೇಲೆ.

"ಮನೆ ಮುರಿದೋಳು ಅಂದ್ರು. ಸರಿ, ಮುರಿದಿದೆಯಾ ನೋಡೋಣ ಅಂತ ಇವಳ ಮನೆಗೆ ಹೋದೆ" ಎಂದು ಬ್ರೇಕಕ್ಕ ಹೇಳುತ್ತಾರೆ. "ಮನೆ ಅಲ್ಲೇ ಇತ್ತಪ್ಪ. ಗೋಡೆ ಇತ್ತು, ಸೂರು ಇತ್ತು. ಒಳಗೆ ಮಗು ಹಾಡ್ಕೊಂಡು ಕೂತಿತ್ತು. ವಾಪಸ್ ಬಂದು ಇವರಿಗೆ ಹೇಳಿದೆ, ಏನೂ ಮುರಿದಿಲ್ಲ ಕಣ್ರೀ ಅಂತ."

"ನಾನು ಅವತ್ತು ಎರಡು ರವಿಕೆ ಜಾಸ್ತಿ ಹೊಲಿದೆ" ಎನ್ನುತ್ತಾರೆ ಯಜಮಾನರು. ಹೆಂಡತಿಯನ್ನು ಹೊಗಳುವ ಬಗೆ ಅವರಿಗೆ ಇದೊಂದೇ ಗೊತ್ತಿರುವಂತಿದೆ. ಅಂದಹಾಗೆ, ಡ್ರೈವಿಂಗ್ ಮೇಡಂ ಅವರ ಈ ಗಂಡನಿಗೆ ಡ್ರೈವಿಂಗ್ ಬರುವುದಿಲ್ಲ. ಕಾರು ಹತ್ತಿದರೆ ಹಿಂದೆ ಕಣ್ಣು ಮುಚ್ಚಿ ಕೂರುತ್ತಾರೆ.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿ, ಅರ್ಜಿ ಬರೆಸಿ, ಮರುದಿನ ಬೇಡವೆಂದು ಹಿಂದಿರುಗಿದವರಿದ್ದಾರೆ. ಮಣಿಕಟ್ಟಿನ ಗುರುತನ್ನು ಬಳೆಯಲ್ಲಿ ಮುಚ್ಚಿಕೊಂಡು ಒಂದು ಮಾತೂ ಆಡದೆ ಕೋರ್ಸು ಮುಗಿಸಿ ಹೋದವರಿದ್ದಾರೆ. ಅಂಥವರನ್ನು ಬ್ರೇಕಕ್ಕ ಬೈಯುವುದಿಲ್ಲ, ಬೆನ್ನು ಹತ್ತುವುದೂ ಇಲ್ಲ. "ಅವಳಿಗೆ ಆ ಮೆಟ್ಟಿಲು ಎಲ್ಲಿದೆ ಅಂತ ಗೊತ್ತಾಯ್ತಲ್ಲ. ಒಬ್ಬಳು ಎರಡು ವರ್ಷ ಆದ್ಮೇಲೆ ಫೋನ್ ಮಾಡಿದ್ಲು, ಅಕ್ಕ, ನೀವು ಅವತ್ತು ಹೇಳಿದ್ರಲ್ಲ ಅಂತ. ನಾನು ಯಾವತ್ತು ಅಂತಲೂ ಕೇಳಲಿಲ್ಲ. ಎಲ್ಲಿದ್ದೀಯ, ಬರ್ತೀನಿ ಅಂದೆ."

ಡ್ರೈವಿಂಗ್ ಕಲಿಯುವುದಕ್ಕೂ ಬದುಕನ್ನು ಕೈಗೆ ತೆಗೆದುಕೊಳ್ಳುವುದಕ್ಕೂ ನಂಟಿದೆಯೇ ಎಂದು, ಪುರವಣಿಯವರು ಕೇಳುವಂಥ ಪ್ರಶ್ನೆಯೊಂದನ್ನು ನಾನೂ ಕೇಳಿಬಿಡುತ್ತೇನೆ. ಬ್ರೇಕಕ್ಕ ನನ್ನನ್ನು ಕನಿಕರದಿಂದ ನೋಡುತ್ತಾರೆ. "ಡ್ರೈವಿಂಗ್ ಅಂದ್ರೆ ಡ್ರೈವಿಂಗ್, ಪೇಪರ್‌ನೋರೇ. ಕ್ಲಚ್ಚು, ಬ್ರೇಕು. ಕೋರ್ಟಿನ ಕೆಲಸ ವಕೀಲಮ್ಮಂದು. ನಾನು ಕರ್ಕೊಂಡು ಹೋಗಿ ಬಿಡ್ತೀನಿ ಅಷ್ಟೇ."

ಹಾಗಾದರೆ ನಿಮಗೇನು ಆಸೆ ಎಂದು ಕೇಳುತ್ತೇನೆ.

ಇದಕ್ಕೆ ಮಾತ್ರ ಅವರು ಯೋಚಿಸುತ್ತಾರೆ. ವಕೀಲೆ, ಇಂಡಿಕೇಟರ್, ಯಜಮಾನರು, ಬಟ್ಟೆಯ ತುಂಡುಗಳ ನಡುವಿನ ಹುಡುಗಿ, ಎಲ್ಲರೂ ಅವರ ಬಾಯಿ ನೋಡುತ್ತಾರೆ.

"ಇಷ್ಟು ವರ್ಷ ಕಾರಲ್ಲೇ ಕಳೆದೆ. ಆದ್ರೆ ಕಲಿಯೋರ ಕಾರಲ್ವಾ, ಎರಡನೇ ಗೇರ್ ದಾಟೋದೇ ಕಮ್ಮಿ. ಒಂದಿನ ರಜಾ ಹಾಕಿ, ಯಾರಿಗೂ ಏನೂ ಕಲಿಸದೆ, ಖಾಲಿ ರಸ್ತೇಲಿ ಸಮುದ್ರದ ತನಕ ಐದನೇ ಗೇರಲ್ಲಿ ಹೋಗ್ಬೇಕು. ಸ್ಟೇರಿಂಗ್ ನಂದೇ. ಕಿಟಕಿ ಎಲ್ಲ ತೆಗೆದು."

"ಈ ವಾರವೇ ಹೋಗಿ ಬನ್ನಿ ಅಕ್ಕ" ಎನ್ನುತ್ತಾರೆ ವಕೀಲೆ.

ಗೇಟಿನ ಬಳಿ ಸ್ಕೂಟರೊಂದು ನಿಲ್ಲುತ್ತದೆ. ಹಿಂದಿನಿಂದ ಇಳಿದ ಹೆಂಗಸು, ಓಡಿಸಿಕೊಂಡು ಬಂದ ಗಂಡನನ್ನು ಅಲ್ಲೇ ನಿಲ್ಲಲು ಹೇಳಿ ಒಳಗೆ ಬರುತ್ತಾಳೆ. ಇಲ್ಲಿ ಡ್ರೈವಿಂಗ್ ಕಲಿಸ್ತಾರಂತಲ್ಲ, ಸೇರ್ಕೋಬೇಕಿತ್ತು ಎನ್ನುತ್ತಾಳೆ. ಬ್ರೇಕಕ್ಕ ಸೆರಗು ಕೊಡವಿ ಎದ್ದು ನಿಲ್ಲುತ್ತಾರೆ.

"ಸೇರ್ಕೊಳ್ಳಮ್ಮ. ಆದ್ರೆ ಬೆಳಿಗ್ಗೆ ಜಾಗ ಇಲ್ಲ, ಸಂಜೇನೂ ತುಂಬಿದೆ. ಮುಂದಿನ ತಿಂಗಳವರೆಗೆ ಕಾಯಬೇಕಾಗುತ್ತೆ."

ಆಮೇಲೆ ವಕೀಲೆಯ ಕಡೆಗೆ ತಿರುಗಿ, "ನೋಡಿದ್ರಾ, ನನಗೆಲ್ಲಿ ರಜಾ? ಪೂರ್ತಿ ಫುಲ್ಲು" ಎನ್ನುತ್ತಾರೆ.

ಜಗಲಿಯಲ್ಲಿದ್ದವರೆಲ್ಲ ಆ ಮಾತನ್ನು ಕೇಳಿಸಿಕೊಂಡಾಗಿದೆ. ಆದರೂ ಅವರು ಇನ್ನೊಂದು ಸಲ, ಸ್ವಲ್ಪ ನಿಧಾನವಾಗಿ ಹೇಳುತ್ತಾರೆ.

"ಪೂರ್ತಿ ಫುಲ್ಲು."